ಸೀಲ್ ಬದಲಿಸುವ ಮುಂಚೆ ಶಾಫ್ಟ್ ಮೇಲೆ ಉಗುರು ಆಡಿಸಿ

ನಾಲೆಗೆ ನೀರು ಬಿಟ್ಟ ವಾರ ಯಳಂದೂರು ಕಡೆ ಬಾಡಿಗೆಗೆ ಟಿಲ್ಲರ್ ಸಿಗುವುದು ಕಷ್ಟ. ಗದ್ದೆ ಕೆಸರು ಮಾಡಬೇಕು, ಪೈರು ಕಿತ್ತು ನಾಟಿ ಮಾಡಬೇಕು, ಆಳುಗಳಿಗೆ ದಿನ ಹೇಳಿ ಆಗಿರುತ್ತದೆ. ಅಂಥ ವಾರದಲ್ಲೇ ನಮ್ಮ ಭಾವನ ಟಿಲ್ಲರಿನ ರೋಟರಿ ಶಾಫ್ಟ್ ಬುಡದಲ್ಲಿ ಆಯಿಲ್ ಸೋರತೊಡಗಿತು. ಒಂದೇ ಹಂಗಾಮಿನಲ್ಲಿ ಮೂರನೇ ಆಯಿಲ್ ಸೀಲ್ ಅದು. ಹೋದಾಗಲೆಲ್ಲ ಅಂಗಡಿಯವರದು ಒಂದೇ ಮಾತು: "ಡೂಪ್ಲಿಕೇಟ್ ಹಾಕ್ಸಿದ್ದೀರ, ಒರಿಜಿನಲ್ ತಗೊಳ್ಳಿ."

ಸೀಲಿನದು ಸಣ್ಣ ದುಡ್ಡು. ಆದರೆ ಆಯಿಲ್ ಹೊರಗೆ ಬರುವ ದಾರಿಯಲ್ಲೇ ಕೆಸರುನೀರು ಒಳಗೆ ಹೋಗುತ್ತದೆ. ಪ್ಲಗ್ ಬಿಚ್ಚಿದಾಗ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ ಎಂದೇ ಲೆಕ್ಕ. ಆಮೇಲೆ ಬೇರಿಂಗ್, ಅದರ ಹಿಂದೆ ಗೇರ್.

ಭಾವ ಕೊಳ್ಳೇಗಾಲದ ಹಳೇ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. ಅವರು ಸೀಲ್ ಕಡೆ ತಿರುಗಿಯೂ ನೋಡಲಿಲ್ಲ. ಡೀಸೆಲ್ ಬಟ್ಟೆಯಲ್ಲಿ ಶಾಫ್ಟ್ ಒರೆಸಿ, ಸೀಲ್ ಕೂರುವ ಜಾಗದ ಮೇಲೆ ಉದ್ದಕ್ಕೆ ಉಗುರು ಎಳೆದರು. ಉಗುರು ಸಿಕ್ಕಿಕೊಂಡಿತು. "ಸೀಲ್ ಹೊಸ್ದೇ ಕನಪ್ಪ, ಅದು ಕೂತ್ಕಳೋ ಜಾಗ ಹಳೇದು."

ಮೆತ್ತನೆಯ ರಬ್ಬರ್ ಕಬ್ಬಿಣವನ್ನು ಸವೆಸುವುದೇ ಎಂದು ನನಗೂ ಅನ್ನಿಸಿತ್ತು. ಬಾವಿಯ ಹಗ್ಗ ಕಲ್ಲನ್ನು ಸವೆಸುವುದಿಲ್ಲವೇ? ಕೆಸರಿನ ಸಣ್ಣ ಮರಳು ರಬ್ಬರಿನ ತುಟಿಗೆ ಅಂಟಿಕೊಂಡು ಸಾಣೆಯಂತೆ ಉಜ್ಜುತ್ತದೆ, ಶಾಫ್ಟ್ ಸುತ್ತ ಗೀರು ಬೀಳುತ್ತದೆ. ಹೊಸ ಸೀಲಿನ ತುಟಿ ಹೋಗಿ ಕೂರುವುದು ಅದೇ ಗೀರಿನ ಮೇಲೆ.

ಗೀರು ಉಗುರಿಗೆ ಸಿಗದಷ್ಟು ತೆಳುವಿದ್ದರೆ ನಯವಾದ ಎಮರಿ ಪಟ್ಟಿ ಸುತ್ತಿ, ಶಾಫ್ಟ್ ತಿರುಗುವ ಹಾದಿಯಲ್ಲೇ ಉಜ್ಜಿದರೆ ಸಾಕು. ಉದ್ದಕ್ಕೆ ಉಜ್ಜಿದರೆ ಒಂದೊಂದು ಗೆರೆಯೂ ಆಯಿಲಿಗೆ ಕಾಲುವೆ. ಒಳಗೆ ಜಾಗವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಕೂರಿಸಿ, ತುಟಿಗೆ ಗೀರಿಲ್ಲದ ಜಾಗ ಕೊಡಬಹುದು. ತೆಳ್ಳನೆಯ ಸ್ಟೀಲ್ ಸ್ಲೀವ್ ತೊಡಿಸುವುದೂ ಉಂಟು. ಭಾವನ ಶಾಫ್ಟಿನ ಗೀರು ಆಳವಾಗಿತ್ತು. ವೆಲ್ಡಿಂಗ್ ತುಂಬಿಸಿ ಲೇತಿಗೆ ಕೊಟ್ಟರು.

ಲೇತಿನಿಂದ ಬಂದ ಶಾಫ್ಟ್ ಫಳಫಳ ಹೊಳೆಯುತ್ತಿತ್ತು. ಭಾವ ದುಡ್ಡು ಎಣಿಸುತ್ತಿದ್ದರೆ ಮೆಕ್ಯಾನಿಕ್ ಹೊಲಿಗೆ ದಾರ ತಂದರು. (ರೇಷ್ಮೆಯ ಊರಲ್ಲೂ ಈ ಕೆಲಸಕ್ಕೆ ಹತ್ತಿ ದಾರವೇ.) ಶಾಫ್ಟನ್ನು ಎರಡು ಸೆಂಟರ್ ನಡುವೆ ಮಟ್ಟವಾಗಿ ಕೂರಿಸಿ ತೆಳ್ಳಗೆ ಎಣ್ಣೆ ಸವರಿದರು. ದಾರದ ಒಂದು ತುದಿ ಕಟ್ಟಿ, ಶಾಫ್ಟ್ ಮೇಲೆ ಅರ್ಧ ಸುತ್ತಿಗಿಂತ ತುಸು ಹೆಚ್ಚು ಹಾಯಿಸಿ, ಇನ್ನೊಂದು ತುದಿಗೆ ಸಣ್ಣ ನಟ್ಟು ತೂಗಿಬಿಟ್ಟರು. ನಿಧಾನವಾಗಿ ತಿರುಗಿಸಿದಾಗ ದಾರ ಎಡಕ್ಕೆ ಸರಿಯಿತು. ಹಿಂದುಮುಂದಾಗಿ ತಿರುಗಿಸಿದಾಗ ಬಲಕ್ಕೆ ಬಂತು.

ಲೇತಿನ ಉಳಿ ಪಕ್ಕಕ್ಕೆ ಸರಿಯುತ್ತಾ ಕೆತ್ತುವುದರಿಂದ ಕಣ್ಣಿಗೆ ಕಾಣದ ಸ್ಕ್ರೂ ಮರೆಯಂಥ ಗೆರೆ ಉಳಿಯುತ್ತದೆ. ಶಾಫ್ಟ್ ತಿರುಗಿದಂತೆ ಆ ಮರೆ ಆಯಿಲನ್ನು ಹೊರಗೆ ತಳ್ಳುತ್ತದೆ, ಎಂಥ ಒರಿಜಿನಲ್ ಸೀಲ್ ಹಾಕಿದರೂ ಅಷ್ಟೇ. ಎರಡು ಕಡೆ ತಿರುಗಿಸಿದಾಗಲೂ ದಾರ ಒಂದೇ ಕಡೆಗೆ ಸರಿದರೆ ಮಾತ್ರ ಶಾಫ್ಟ್ ಮಟ್ಟವಾಗಿ ಕೂತಿಲ್ಲ ಅಂತ. ಭಾವನದು ಗ್ರೈಂಡಿಂಗಿಗೆ ಹೋಯಿತು, ಅದೂ ಸಾಣೆಕಲ್ಲು ಪಕ್ಕಕ್ಕೆ ಸರಿಯದಂತೆ ನೇರ ಒತ್ತಿ ಉಜ್ಜುವ ಗ್ರೈಂಡಿಂಗ್. ಎರಡು ದಿನ ತಡ. ಭಾವನ ಬೈಗುಳ ಇಲ್ಲಿ ಬೇಡ.

ಕನ್ನಡಿಯಂತೆ ನುಣುಪು ಮಾಡಿದರೂ ಕೆಡುತ್ತದೆ. ತುಟಿಯ ಕೆಳಗೆ ಆಯಿಲಿನ ತೆಳು ಪದರ ನಿಲ್ಲಬೇಕು, ಇಲ್ಲದಿದ್ದರೆ ರಬ್ಬರ್ ಸುಟ್ಟು ಗಟ್ಟಿಯಾಗುತ್ತದೆ. ಸೀಲ್ ಕೂರುವ ಜಾಗದ ಒರಟುತನ 0.2ರಿಂದ 0.8 ಮೈಕ್ರಾನ್ ನಡುವೆ ಇರಬೇಕೆನ್ನುತ್ತಾರೆ. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಮೊದಲು ಈ ಸೀಲುಗಳನ್ನು ಚರ್ಮದಲ್ಲೇ ಮಾಡುತ್ತಿದ್ದರು. ಜರ್ಮನಿಯಲ್ಲಿ ಇವುಗಳಿಗೆ ಹೆಸರಾದ ಫ್ರಾಯ್ಡನ್‌ಬರ್ಗ್ ಕಂಪನಿ ಶುರುವಾಗಿದ್ದು ಚರ್ಮ ಹದ ಮಾಡುವ ಕೆಲಸದಿಂದ. ನಮ್ಮ ಬೋರ್‌ವೆಲ್ ಕೈಪಂಪಿನ ಚರ್ಮದ ವಾಷರ್ ನೋಡಿದವರಿಗೆ ಇದು ಸೋಜಿಗವೇನಲ್ಲ.

ಇನ್ನು ಸೀಲ್ ತೊಡಿಸುವುದು. ಅದರ ಮೇಲೆ 35-52-7 ಎಂದಿದ್ದರೆ ಶಾಫ್ಟ್ 35 ಮಿಲಿಮೀಟರ್, ಸೀಲ್ ಕೂರುವ ಗುಂಡಿ 52, ದಪ್ಪ 7. ಹಳೆಯದರ ನಂಬರ್ ಬರೆದುಕೊಂಡು ಹೋಗಿ. ಶಾಫ್ಟಿನ ತುದಿಯ ಅಂಚನ್ನು ಅರದಿಂದ ಇಳಿಜಾರು ಮಾಡಿ. ಹಲ್ಲು, ಕೀಲಿ ಗಾಡಿ ಇದ್ದರೆ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಜಾರಿಸಿ. ಹೊಸ ಸೀಲಿನ ತುಟಿ ಹರಿಯುವುದು ಹೆಚ್ಚಾಗಿ ಅಲ್ಲೇ, ಗಾಡಿ ಇನ್ನೂ ಸ್ಟಾರ್ಟ್ ಆಗುವ ಮುಂಚೆಯೇ. ತುಟಿಗೆ ಗ್ರೀಸ್ ಸವರಿ, ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗಿರಲಿ. ಸುತ್ತಿಗೆಯಲ್ಲಿ ಒಂದೇ ಕಡೆ ಬಡಿಯಬೇಡಿ. ಅಗಲ ಸರಿಹೊಂದುವ ಪೈಪ್ ತುಂಡು ಇಟ್ಟು ಸಮನಾಗಿ ಒತ್ತಿ. ಶಾಫ್ಟ್ ಹಿಡಿದು ಅಲ್ಲಾಡಿಸಿದಾಗ ಲಡಲಡ ಅಂದರೆ ಮೊದಲು ಬೇರಿಂಗ್ ಬದಲಿಸಿ. ಗೇರ್ ಬಾಕ್ಸಿನ ಗಾಳಿತೂತು ಮಣ್ಣಿನಿಂದ ಮುಚ್ಚಿದ್ದರೂ ಬಿಸಿಯಾದ ಗಾಳಿ ಆಯಿಲನ್ನು ಸೀಲಿನಿಂದಲೇ ನೂಕುತ್ತದೆ.

ಹನೂರು ಕಡೆಯ ಒಣಭೂಮಿಯಲ್ಲಿ ಟ್ರ್ಯಾಕ್ಟರ್ ರೋಟವೇಟರ್ ಓಡಿಸುವವರಿಗೆ ಕೆಸರಿನ ಕಾಟ ಕಡಿಮೆ. ಅಲ್ಲಿ ಹರಿದ ಡ್ರಿಪ್ ಪೈಪು, ಗೋಣಿದಾರ, ಹಂಬು ಶಾಫ್ಟಿಗೆ ಸುತ್ತಿಕೊಂಡು ಸೀಲಿನ ಬುಡಕ್ಕೇ ನುಗ್ಗುತ್ತವೆ. ಸಂಜೆ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿದ ಮೇಲೆ, ಕುಡುಗೋಲಲ್ಲಿ ಕೊಯ್ದು ತೆಗೆಯಲು ಐದು ನಿಮಿಷ ಸಾಕು.