ಚೌಕಾಸಿ ಮಾಡದ ಗಿರಾಕಿ

2021ರ ರಂಜಾನ್ ಏಪ್ರಿಲ್ 14ಕ್ಕೆ ಶುರುವಾದಾಗ ಕೊರೋನಾದ ಎರಡನೇ ಅಲೆ ಏರುತ್ತಿತ್ತು. ಮಕ್ತಲ್‌ನಲ್ಲಿ ನನ್ನದು ಮೆಡಿಕಲ್ ಶಾಪು. ಹೈದರಾಬಾದಿನ ಕೋಠಿಯಿಂದ ಒಂಬೈನೂರರಂತೆ ತರಿಸಿದ್ದ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರುಗಳನ್ನು ಒಳಗಿನ ಕಪಾಟಿನಲ್ಲಿಟ್ಟು ಕೇಳಿದವರಿಗೆಲ್ಲ ‘ಸ್ಟಾಕ್ ಇಲ್ಲ’ ಅಂದೆ. ರೇಟು ಏರಿದ ಮೇಲೆ ಎರಡೂವರೆ ಸಾವಿರಕ್ಕೆ ಒಂದೊಂದೇ ಹೊರತೆಗೆದೆ. ಬಿಲ್ಲು ಕೊಡಲಿಲ್ಲ. ರೋಜಾ ಬಿಟ್ಟಿರಲಿಲ್ಲ, ನಮಾಜೂ ಬಿಟ್ಟಿರಲಿಲ್ಲ.

ನಮ್ಮ ಕಡೆ ಕೆಮ್ಮಿನ ಔಷಧಕ್ಕೂ ಐದು ರೂಪಾಯಿ ಬಿಡಿಸಿಕೊಳ್ಳದೆ ಯಾರೂ ಹೋಗುವುದಿಲ್ಲ. ನಾರಾಯಣಪೇಟೆಯಿಂದ ಬಂದ ನೇಕಾರನೊಬ್ಬ ‘ಎಷ್ಟ್ರೀ ಭಾಯ್?’ ಅಂದವನು, ರೇಟು ಕೇಳಿ ಮರುಮಾತಾಡದೆ ನೋಟು ಎಣಿಸಿದ. ಇನ್ನೂರು ಕಡಿಮೆ ಬಿತ್ತು. ‘ಸಂಜೀಕ ತಂದು ಕೊಡ್ತೀನ್ರಿ, ಅವ್ವಗ ದಮ್ಮು ಹತ್ತೈತಿ.’ ಮೊಬೈಲು ಇಟ್ಟು ಹೋಗು ಅಂದೆ. ಮನೆಯಲ್ಲಿ ತಾಯಿ ಏದುಸಿರು ಬಿಡುತ್ತಿರುವಾಗ ಅವನು ಮೊಬೈಲು ಇಟ್ಟು ಹೋದ.

ನೆಪಗಳಿಗೇನೂ ಬರವಿರಲಿಲ್ಲ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಮೂರು ಪದರದ ಮಾಸ್ಕಿಗೆ 10 ರೂಪಾಯಿ ಎಂದು ದರ ಕಟ್ಟಿತ್ತು, ಆಕ್ಸಿಮೀಟರಿಗೆ ಅಂಥದ್ದಿರಲಿಲ್ಲ. ಅದರ ಲಾಭಕ್ಕೆ ಶೇ. 70ರ ಮಿತಿ ಬಂದದ್ದು 2021ರ ಜುಲೈನಲ್ಲಿ, ಅಲೆ ಇಳಿದ ಮೇಲೆ. ಧರ್ಮದ ಹೆಸರಲ್ಲೂ ಒಂದು ನೆಪವಿತ್ತು. ಇಹ್ತಿಕಾರ್, ಅಂದರೆ ದರ ಏರಲೆಂದು ಸರಕು ಬಚ್ಚಿಡುವ ಪಾಪ, ಧಾನ್ಯಕ್ಕೆ ಮಾತ್ರ ಅನ್ವಯಿಸುತ್ತದೆಂದು ಎಲ್ಲೋ ಕೇಳಿದ್ದೆ.

ಗದ್ವಾಲದಲ್ಲಿ ಇದೇ ವ್ಯಾಪಾರದಲ್ಲಿರುವ ನನ್ನ ಭಾವ ಆಕ್ಸಿಮೀಟರುಗಳನ್ನು ಮನೆಗೊಂದರಂತೆ ಎಂದಿನ ಲಾಭಕ್ಕೇ ಮಾರಿ ಮುಗಿಸಿದ್ದರು. ಈದ್‌ಗೆ ಫೋನ್ ಮಾಡಿದಾಗ ನನ್ನ ರೇಟು ಕೇಳಿ, ‘ಮೌಲಾನಾರನ್ನ ಒಮ್ಮೆ ಕೇಳು’ ಅಂದರು, ಅಷ್ಟೇ.

ಹೋಗಿ ಎಲ್ಲ ಹೇಳಿದೆ. ಮೌಲಾನಾ ನನ್ನ ನೆಪವನ್ನು ತಳ್ಳಿಹಾಕಲಿಲ್ಲ. ಇಮಾಂ ಅಬೂ ಹನೀಫಾ ಇಹ್ತಿಕಾರವನ್ನು ಜನರ ಆಹಾರ, ದನಗಳ ಮೇವಿಗೇ ಸೀಮಿತಗೊಳಿಸಿದ್ದು ನಿಜ. ಆದರೆ ಅವರ ಶಿಷ್ಯ ಅಬೂ ಯೂಸುಫ್, ಯಾವುದನ್ನು ತಡೆಹಿಡಿದರೆ ಜನಕ್ಕೆ ತೊಂದರೆಯೋ ಅದೆಲ್ಲ ಇಹ್ತಿಕಾರವೇ ಅಂದರು. ಮದೀನಾದಲ್ಲಿ ಬೆಲೆ ಏರಿದಾಗ ಪ್ರವಾದಿಯವರೇ ದರ ಕಟ್ಟಲು ಒಪ್ಪಲಿಲ್ಲವಲ್ಲ ಎಂದೆ. ಅಲ್ಲಿ ಯಾರೂ ಸರಕು ಬಚ್ಚಿಟ್ಟಿರಲಿಲ್ಲ ಅಂದರು. ಜನಕ್ಕೆ ಬೇಕಾದದ್ದನ್ನು ತಡೆದಿಟ್ಟವನಿಂದ ನ್ಯಾಯದ ಬೆಲೆಗೆ ಮಾರಿಸಬಹುದೆಂದು ವಿದ್ವಾಂಸ ಇಬ್ನ್ ತೈಮಿಯ್ಯ ಬರೆದಿದ್ದಾರಂತೆ. ಆಮೇಲೆ ಕೇಳಿದರು: ‘ಆ ನೇಕಾರ ಚೌಕಾಸಿ ಮಾಡಿದನಾ?’ ಇಲ್ಲ ಅಂದೆ. ವ್ಯಾಪಾರ ಇಬ್ಬರ ರಜಾಮಂದಿಯಿಂದ, ಅಂದರೆ ಒಪ್ಪಿಗೆಯಿಂದ, ನಡೆಯಬೇಕೆಂದು ಕುರ್‌ಆನಿನ ಸೂರಾ ನಿಸಾದಲ್ಲಿದೆ. ಬೇಡ ಅನ್ನಲು ದಾರಿಯೇ ಇಲ್ಲದವನದು ಎಂಥ ರಜಾಮಂದಿ?

ಹೆಚ್ಚಿಗೆ ತೆಗೆದುಕೊಂಡ ಹಣವನ್ನು ಕಡ್ಡಾಯ ದಾನವಾದ ಝಕಾತಿನಲ್ಲಿ ಕೊಟ್ಟುಬಿಡಲೇ ಎಂದೆ. ಆಗದು ಅಂದರು: ಕೊಟ್ಟವರಿಗೇ ಮರಳಿಸಬೇಕು, ಅವರು ಸಿಗದಿದ್ದರೆ ಮಾತ್ರ ಬಡವರಿಗೆ, ಅದೂ ಸವಾಬಿನ, ಅಂದರೆ ಪುಣ್ಯದ, ಆಸೆಯಿಲ್ಲದೆ. ಮೊಬೈಲು ಬಿಡಿಸಿಕೊಳ್ಳಲು ಬಂದಾಗ ನೇಕಾರ ಹೇಳಿದ್ದ ಓಣಿ ನೆನಪಿತ್ತು. ಹೋಗಿ ಕೊಟ್ಟೆ. ತೆಗೆದುಕೊಂಡ. ಮಾಫ್ ಮಾಡಿದೆ ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ.

ಉಳಿದವರು ಯಾರೆಂದು ತಿಳಿಯುವ ದಾರಿಯನ್ನು ಬಿಲ್ಲು ಕೊಡದೆ ನಾನೇ ಮುಚ್ಚಿದ್ದೆ. ಆ ರಂಜಾನಿನಲ್ಲಿ ನನ್ನ ಅಂಗಡಿಯಿಂದ ಆಕ್ಸಿಮೀಟರು ಒಯ್ದವರು ಬಂದು ಹೇಳಿದರೆ ಸಾಕು, ಬಿಲ್ಲು ಕೇಳುವುದಿಲ್ಲ.