ಹಿಂಬದಿಯ ಕಮಾನು

ನನ್ನ ಸೋದರಮಾವನವರ ಪದ್ಮಿನಿ ಕಾರು ಖಾಲಿಯಿರುವಾಗ, ಕೆರೆಯಂಚಿನಲ್ಲಿ ನೀರಿಗೆ ಬಗ್ಗಿದ ಎಮ್ಮೆಯಂತೆ ಹಿಂಬದಿಯನ್ನು ಎತ್ತಿಕೊಂಡು, ಶಿಡ್ಲಘಟ್ಟದ ನಮ್ಮ ಮನೆಯ ಮುಂದೆ ನಿಲ್ಲುತ್ತಿತ್ತು. ಕಂಡವರು ನಗುತ್ತಿದ್ದರು, ಮಾವನವರು ನಗುತ್ತಿರಲಿಲ್ಲ. ನಾಲ್ಕನೆಯ ಜ್ವರದಿಂದ, ಎಂದರೆ ಕೊನೆಯ ಬಾರಿ ಪೊರೆ ಕಳಚಿ, ಎದ್ದ ರೇಷ್ಮೆಹುಳು ತನ್ನ ಜನ್ಮದ ಆಹಾರದಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮೀರಿ ಆ ಒಂದೇ ವಾರದಲ್ಲಿ ತಿನ್ನುವುದೆಂಬುದನ್ನೂ, ಬಾಡಿದ ಸೊಪ್ಪನ್ನು ಅದು ಮೂಸಿಯೂ ನೋಡದೆಂಬುದನ್ನೂ ಬಲ್ಲವರಾದ ಅವರು, ಚಿಂತಾಮಣಿಯ ಕಡೆಯ ತೋಟಗಳಿಂದ ಹಸಿ ಹಿಪ್ಪುನೇರಳೆ ಸೊಪ್ಪಿನ ಮೂಟೆಗಳನ್ನು ಬಿಸಿಲೇರುವ ಮುನ್ನ ತಂದು ಹಾಕುವ ಸಲುವಾಗಿ, ಹಿಂದಿನ ಕಮಾನಿಗೆ ಹೆಚ್ಚಿನ ಪ್ಲೇಟುಗಳನ್ನು ಸೇರಿಸಿ, ಹಿಂದಿನ ಸೀಟನ್ನೇ ಬಿಚ್ಚಿ ಜಗಲಿಯ ಮೇಲೆ ಇಟ್ಟುಬಿಟ್ಟಿದ್ದರು. ಅಜ್ಜಿ ಆ ಸೀಟಿನ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು.

ಗೂಡು ಬಿಡಿಸಿದ ದಿನದ ಓಟವಂತೂ ಬೇರೆಯೇ. ಗೂಡಿಗೆ ತೂಕವಿಲ್ಲ, ಆತುರವಿದೆ. ಒಳಗಿನ ಕೋಶವು ಚಿಟ್ಟೆಯಾಗಿ ಗೂಡನ್ನು ಕೊರೆದು ಹೊರಬಂದಿತೆಂದರೆ ನೂಲಿನ ಎಳೆ ಹರಿಯಿತು, ಬೆಲೆಯೂ ಹರಿಯಿತು. ಹರಾಜಿಗೆ ತಡವಾದರಂತೂ ನೂಲು ತೆಗೆಯುವ ರೀಲರುಗಳು ತಮಗೆ ಬೇಕಾದುದನ್ನು ಕೊಂಡು ಹೊರಟೇಹೋಗಿರುತ್ತಿದ್ದರು. ಆ ಮುಂಜಾವಿನಲ್ಲಿ 1089 ಸಿಸಿಯ ಆ ಬಡ ಎಂಜಿನ್ನು, ಸ್ಟೀರಿಂಗಿನ ಪಕ್ಕದ ಗೇರುಕೋಲಿನ ಒಂದೊಂದು ಹೊಡೆತಕ್ಕೂ ನರಳುತ್ತ, ಟೆಂಪೊಗಳನ್ನು ಹಿಂದೆ ಹಾಕಿ ಓಡುತ್ತಿದ್ದುದನ್ನು ಮುಂದಿನ ಸೀಟಿನಲ್ಲಿ ಗೂಡಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಂಡವನು ನಾನು. ಅದಕ್ಕಿಂತ ದೊಡ್ಡ ಪಂದ್ಯವೊಂದು ಲೋಕದಲ್ಲಿ ಇರಬಹುದೆಂಬ ಸಂಶಯವೇ ನನಗೆ ಹುಟ್ಟಿರಲಿಲ್ಲ.

ಬಹುಕಾಲದ ಮೇಲೆ, ಅಮೆರಿಕದ ಸ್ಟಾಕ್ ಕಾರ್ ಪಂದ್ಯಗಳ ಚರಿತ್ರೆಯನ್ನು ಓದುತ್ತಿರುವಾಗ ಆ ಎತ್ತಿದ ಹಿಂಬದಿಯನ್ನು ಅಲ್ಲಿ ಮತ್ತೆ ಕಂಡೆನು. ಪೇಟೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಕಾರನ್ನೇ ಓಡಿಸಬೇಕೆಂಬ ನಿಯಮದಿಂದ ಆ ಪಂದ್ಯಕ್ಕೆ ಆ ಹೆಸರು ಬಂದಿತು. ಆದರೆ ಅದರ ಮೊದಲ ಶೂರರಲ್ಲಿ ಹಲವರು, ಬೆಟ್ಟಗಳಲ್ಲಿ ಕಾಸಿದ ಕಳ್ಳಭಟ್ಟಿಯನ್ನು ಪೊಲೀಸರಿಗೆ ಸಿಗದಂತೆ ರಾತ್ರೋರಾತ್ರಿ ಪಟ್ಟಣಕ್ಕೆ ಮುಟ್ಟಿಸುತ್ತಿದ್ದವರು. ಭಾರಕ್ಕೆ ಕುಸಿಯದಿರಲೆಂದು ಹಿಂಬದಿಯ ಕಮಾನನ್ನು ಬಿಗಿ ಮಾಡಿಸಿದವರು. ಆದುದರಿಂದಲೇ ಅವರ ಖಾಲಿ ಕಾರುಗಳೂ ನಮ್ಮ ಪದ್ಮಿನಿಯ ಹಾಗೆಯೇ ನಿಲ್ಲುತ್ತಿದ್ದವು. 1949ರ ಜೂನ್ 19ರಂದು ಷಾರ್ಲೆಟ್‌ನ ಮಣ್ಣಿನ ದಾರಿಯಲ್ಲಿ ನಡೆದ, ಈ ಬಗೆಯ ಮೊಟ್ಟಮೊದಲ ಅಧಿಕೃತ ಪಂದ್ಯದಲ್ಲಿ, ಗ್ಲೆನ್ ಡನವೇ ಎಂಬಾತನು 1947ರ ಫೋರ್ಡ್ ಕಾರಿನಲ್ಲಿ ಎಲ್ಲರಿಗಿಂತ ಮುಂದಾಗಿ ಗುರಿ ಮುಟ್ಟಿದನು. ಪರೀಕ್ಷಕರು ಕಾರಿನಡಿ ಬಗ್ಗಿ ನೋಡಿ, ಹಿಂದಿನ ಕಮಾನನ್ನು ಬದಲಿಸಲಾಗಿದೆಯೆಂದು ಅವನನ್ನು ಅನರ್ಹಗೊಳಿಸಿ, ಕಾನ್ಸಾಸಿನಿಂದ ಬಂದ ಜಿಮ್ ರೋಪರನ ಲಿಂಕನ್ ಕಾರಿಗೆ ಜಯವನ್ನು ಕೊಟ್ಟರು. ಇದನ್ನು ಓದಿದಾಗ ನನಗಾದ ದುಃಖ ನ್ಯಾಯಸಮ್ಮತವಾದುದಲ್ಲ, ಆದರೂ ಆಯಿತು. ಪಂದ್ಯಕ್ಕಾಗಿ ಮಾಡಿಸಿದ ಮೋಸವಲ್ಲ ಅದು, ಕಸುಬಿಗಾಗಿ ಮಾಡಿಸಿದ ರಿಪೇರಿ.

ನಮ್ಮ ಸೀಮೆಗೆ ಕಾರಿನ ಗೀಳು ಹೊರಗಿನದೆಂದು ಹೇಳುವಂತಿಲ್ಲ. ಚಿಕ್ಕಬಳ್ಳಾಪುರಕ್ಕೆ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು, ಎಪ್ಪತ್ತು ದಾಟಿದ ಮೇಲೆ, 1930ರ ದಶಕದಲ್ಲಿ, ಈ ದೇಶದಲ್ಲೊಂದು ಮೋಟಾರು ಕಾರ್ಖಾನೆಯಾಗಬೇಕೆಂಬ ಹಟದಿಂದ ಯೂರೋಪು ಅಮೆರಿಕಗಳನ್ನು ಸುತ್ತಿ, ಅಲ್ಲಿನ ಕಾರ್ಖಾನೆಗಳನ್ನು ಕಂಡು, ಯೋಜನೆ ಬರೆದು ತಂದರು. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಜೊತೆಗೂಡಿದರು. ಮೈಸೂರು ಸರ್ಕಾರವು ಆಸಕ್ತಿ ತೋರಿತು. ಬ್ರಿಟಿಷ್ ಸರ್ಕಾರವು ಒಪ್ಪಲಿಲ್ಲ. 1940ರಲ್ಲಿ ಬೆಂಗಳೂರಿಗೆ ವಾಲ್‌ಚಂದರ ವಿಮಾನದ ಕಾರ್ಖಾನೆ ಬಂದಿತೇ ಹೊರತು ಕಾರಿನದು ಬರಲಿಲ್ಲ. ಅದು 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಎಂಬ ಹೆಸರಿನಿಂದ ಹುಟ್ಟಿತು. ಮೊದಲು ಅಮೆರಿಕದ ಕ್ರೈಸ್ಲರ್ ಕಂಪನಿಯ ಕಾರುಗಳನ್ನು ಜೋಡಿಸಿ, 1964ರಿಂದ ಇಟಲಿಯ ಫಿಯೆಟ್ಟಿನ ಒಂದು ಮಾದರಿಯನ್ನು ಮಾಡಿ, ಅದಕ್ಕೇ ಮುಂದೆ ಪದ್ಮಿನಿ ಎಂದು ಹೆಸರಿಟ್ಟಿತು. ಮುದ್ದೇನಹಳ್ಳಿಯ ಕನಸು ಹೀಗೆ ಲೋಕವನ್ನೆಲ್ಲ ಸುತ್ತಿ, ಕಡೆಗೆ ಕೂಗಳತೆಯ ಶಿಡ್ಲಘಟ್ಟಕ್ಕೆ ಸೊಪ್ಪಿನ ಮೂಟೆ ಹೊತ್ತು ಬಂದುದನ್ನು ಆ ಮಹನೀಯರು ಕಂಡಿದ್ದರೆ, ಕಮಾನಿನ ಲೆಕ್ಕಾಚಾರವನ್ನು ಒಮ್ಮೆ ಪರೀಕ್ಷಿಸದೆ ಬಿಡುತ್ತಿರಲಿಲ್ಲವೆಂದು ನಾನು ಬಲ್ಲೆ.

ಪಂದ್ಯಕ್ಕಾಗಿಯೇ ಕಾರು ಓಡಿಸುವವರು ನಮ್ಮಲ್ಲಿ ಹುಟ್ಟಲು ಮತ್ತಷ್ಟು ಕಾಲ ಹಿಡಿಯಿತು. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2010ರಲ್ಲಿ ಅಮೆರಿಕದ ಮಾರ್ಟಿನ್ಸ್‌ವಿಲ್‌ಗೆ ಹೋಗಿ, ಸ್ಟಾಕ್ ಕಾರ್ ವರ್ಗದ ಟ್ರಕ್ಕುಗಳ ಪಂದ್ಯದಲ್ಲಿ ಓಡಿದರು. ನಮ್ಮ ನೆರೆಯ ಬೆಂಗಳೂರಿನಲ್ಲಿ 1997ರಲ್ಲಿ ಹುಟ್ಟಿದ ಅರ್ಜುನ್ ಮೈನಿಯ ದಾರಿ ಇನ್ನೂ ನೀಳವಾದುದು. ಸದ್ದೇ ಮಾಡದೆ ಸಾಗುವ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು 2001ರಲ್ಲಿ ಬೀದಿಗಿಳಿಸಿದ ಮನೆತನದಲ್ಲಿ ಇಂಥ ವೇಗದ ಹುಡುಗ ಹುಟ್ಟಿದುದು ವಿಧಿಯ ವಿನೋದವೇ ಸರಿ. 2017ರಲ್ಲಿ ಬಾರ್ಸಿಲೋನಾದ ಜಿಪಿ3 ಪಂದ್ಯವನ್ನು ಗೆದ್ದು, 2018ರಲ್ಲಿ ಫಾರ್ಮುಲಾ 2ಕ್ಕೆ ಏರಿ, ಫಾರ್ಮುಲಾ 1ಕ್ಕೆ ಇನ್ನೊಂದೇ ಮೆಟ್ಟಿಲಿರುವಾಗ ಮಾಡಿಲ್ಲದ ಒಂಟಿ ಸೀಟಿನ ಕಾರುಗಳ ದಾರಿಯನ್ನು ಬಿಟ್ಟು ಅವರು ಮಾಡಿನ ಕಾರುಗಳ ಕಡೆಗೆ ಹೊರಳಿದರು. 2019ರಲ್ಲಿ ಲೆ ಮಾನ್ಸ್‌ನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯ. 2021ರಿಂದ ಜರ್ಮನಿಯ ಡಿಟಿಎಮ್ ಸರಣಿ, ಅದೂ ಮೊದಲ ಭಾರತೀಯರಾಗಿ. ಜನ ಇದನ್ನು ಇಳಿತವೆಂದಾರು; ನಾನು ಎನ್ನಲಾರೆ. ಪದ್ಮಿನಿಯಲ್ಲಿ ಬೆಳೆದ ನನ್ನ ಕಣ್ಣಿಗೆ, ಬಾಗಿಲೂ ಮಾಡೂ ಇಲ್ಲದ ವಾಹನವು ಎಷ್ಟೇ ವೇಗವಾಗಿ ಓಡಿದರೂ ಕಾರೆನ್ನಿಸುವುದಿಲ್ಲ. 2025ರಲ್ಲಿ ಅವರ ಕೈಗೆ ಬಂದುದು ಫೋರ್ಡ್ ಮಸ್ಟಾಂಗ್. ಡನವೇ ಓಡಿಸಿದ ಮನೆತನದ್ದೇ ಕಾರು, ನಮ್ಮ ಫಿಯೆಟ್ಟಿನ ಆ ಮಾದರಿ ಬೊಂಬಾಯಿಯಲ್ಲಿ ಹುಟ್ಟಿದ 1964ರಲ್ಲೇ ಅಮೆರಿಕದ ಪೇಟೆಗೆ ಬಂದ ಹೆಸರು.

ಆ ಮಸ್ಟಾಂಗಿನ ಓಟವನ್ನು, ಈಗ ಗೌರಿಬಿದನೂರಿನಲ್ಲಿ ಮಗಳ ಮನೆಯಲ್ಲಿರುವ ಮಾವನವರಿಗೆ ಫೋನಿನಲ್ಲಿ ತೋರಿಸಿದೆನು. ಕನ್ನಡಕವನ್ನು ಹಣೆಗೇರಿಸಿ, ಕಾರಿನೊಳಗಿನಿಂದ ಹಿಡಿದ ಚಿತ್ರ ಬಂದಾಗಲೆಲ್ಲ ತೆರೆಯನ್ನು ಮೂಗಿನ ಬಳಿಗೆ ತಂದು ನೋಡಿದರು. ವೇಗವೆಷ್ಟೆಂದು ಕೇಳಲಿಲ್ಲ, ಯಾರು ಗೆದ್ದರೆಂದೂ ಕೇಳಲಿಲ್ಲ.

“ನೋಡೋ, ಇವನೂ ಹಿಂದಿನ ಸೀಟು ಬಿಚ್ಚಿಬಿಟ್ಟಿದಾನೆ” ಎಂದರು.