ಸಹಕುಟುಂಬ ಸಂಕಲ್ಪ

ಯಾವ ಕರ್ಮಕ್ಕೂ ಮೊದಲು ಸಂಕಲ್ಪ ಮಾಡಬೇಕೆಂಬುದು ನಮ್ಮ ಹಿರಿಯರು ಇಟ್ಟ ಕ್ರಮ. ತಾನು ಯಾವ ದೇಶದಲ್ಲಿ ಕುಳಿತಿದ್ದೇನೆ, ಇದು ಯಾವ ಕಾಲ, ಯಾರೊಡನೆ ಕೂಡಿ, ಏತಕ್ಕಾಗಿ ಈ ಕಾರ್ಯವನ್ನು ಮಾಡುತ್ತೇನೆ ಎಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದೇ ಸಂಕಲ್ಪ. ಪ್ರವಾಸಕ್ಕೂ ಈ ಕ್ರಮವೇ ಸಲ್ಲತಕ್ಕದ್ದೆಂಬುದು ನಮಗೆ ಅರವತ್ತರ ಸಮೀಪದಲ್ಲಿ, ಅದೂ ಫ್ರಾನ್ಸ್ ದೇಶದಲ್ಲಿ, ಮನವರಿಕೆಯಾಯಿತು. ದೇಶಕಾಲಗಳನ್ನು ನಾವು ಸಾಂಗವಾಗಿ ಉಚ್ಚರಿಸಿದೆವು. ನಡುವಿನ ಒಂದು ಪದವನ್ನು ಮಾತ್ರ ನುಂಗಿಬಿಟ್ಟೆವು. ಆ ಪದ ಯಾವುದೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ನಮ್ಮ ಮಗ ಪ್ಯಾರಿಸ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಈ ವಸಂತದಲ್ಲಿ ನಾವೂ ನಮ್ಮ ಮನೆಯವರೂ ಅವನಲ್ಲಿಗೆ ಬಂದೆವು. ನಮ್ಮಂತೆ ನೋಡಿಹೋಗಲು ಬಂದವರಿಗೆ ಇಲ್ಲಿನ ಸರ್ಕಾರ ಕೊಡುವ ಅವಧಿ 90 ದಿನ. ಅದು ಬಹಳವೆಂದು ನಾವು ಊರಿನಲ್ಲಿ ಎಣಿಸಿದ್ದೆವು. ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಮರಳುವ ಮಗನೊಡನೆ ಕಳೆಯುವುದಕ್ಕೆ ದಿನದಲ್ಲಿ ಉಳಿಯುವುದು ಒಂದು ಊಟದ ಹೊತ್ತೆಂಬುದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಹೀಗಿರಲು ಒಂದು ರಾತ್ರಿ ಅವನಾಗಿಯೇ, "ಅಪ್ಪ, ಮುಂದಿನ ತಿಂಗಳು ನನಗೆ ಒಟ್ಟಿಗೆ ನಾಲ್ಕು ದಿನ ಬಿಡುವು ಸಿಕ್ಕುತ್ತದೆ. ಸ್ಟ್ರಾಸ್‌ಬರ್ಗಿಗೆ ಹೋಗಿಬರೋಣ" ಎಂದನು. ನಮ್ಮ ಸಂತೋಷವನ್ನು ವರ್ಣಿಸಬೇಕಾಗಿಲ್ಲ. ಊಟದ ತಟ್ಟೆ ಎತ್ತುವುದರೊಳಗಾಗಿ ನಾವು ಕಾಗದ ಲೇಖನಿಗಳನ್ನು ತಂದು ಕುಳಿತೆವು.

ಮೊದಲು ಕಾಲದ ವಿಚಾರ. ಯೇಸು ಸ್ವರ್ಗಕ್ಕೆ ಏರಿದನೆಂದು ಕ್ರೈಸ್ತರು ಆಚರಿಸುವ ಹಬ್ಬ ಯಾವಾಗಲೂ ಗುರುವಾರವೇ ಬರುತ್ತದೆ. ಅಂದು ಫ್ರಾನ್ಸಿನಲ್ಲಿ ಸರ್ಕಾರಿ ರಜ. ಶನಿವಾರ ಭಾನುವಾರ ಹೇಗೂ ಬಿಡುವು. ನಡುವೆ ಒಂಟಿಯಾಗಿ ನಿಂತ ಶುಕ್ರವಾರಕ್ಕೆ ಒಂದು ದಿನದ ರಜ ಬರೆದುಕೊಟ್ಟರೆ ನಾಲ್ಕು ದಿನಗಳೂ ಒಂದಾಗುತ್ತವೆ. ಇದನ್ನು ಇಲ್ಲಿಯವರು 'ಸೇತುವೆ ಮಾಡುವುದು' ಎನ್ನುತ್ತಾರೆ. ಸೊಗಸಾದ ಮಾತು. ಆದರೆ ದೇಶಕ್ಕೆ ದೇಶವೇ ಆ ಸೇತುವೆಯನ್ನು ಹತ್ತುವುದರಿಂದ ರೈಲಿನ ಚೀಟಿಗಳು ಬೇಗ ತೀರುತ್ತವೆ. ದಿನ ಹತ್ತಿರವಾದಷ್ಟೂ ಬೆಲೆ ಏರುತ್ತದೆ. ಆದುದರಿಂದ ಹೊರಡುವ ಮತ್ತು ಮರಳುವ ರೈಲುಗಳನ್ನೂ ಇಳಿದುಕೊಳ್ಳುವ ಕೋಣೆಯನ್ನೂ ಮಗ ಅಂದೇ ಗೊತ್ತುಮಾಡಿದನು. ಪ್ಯಾರಿಸಿನ ಪೂರ್ವದ ನಿಲ್ದಾಣದಿಂದ ಸ್ಟ್ರಾಸ್‌ಬರ್ಗಿಗೆ ಸುಮಾರು 400 ಕಿಲೋಮೀಟರು. ವೇಗದ ರೈಲು ಎರಡು ಗಂಟೆಯೊಳಗೆ ಮುಟ್ಟಿಸುತ್ತದೆ.

ಇನ್ನು ದೇಶದ ವಿಚಾರ. ಸ್ಟ್ರಾಸ್‌ಬರ್ಗ್ ಫ್ರಾನ್ಸಿನ ಪೂರ್ವದ ಅಂಚಿನಲ್ಲಿ, ರೈನ್ ನದಿಯ ಮಗ್ಗುಲಲ್ಲಿದೆ. ನದಿಯ ಆಚೆಗೆ ಜರ್ಮನಿ. ಹಳೆಯ ಊರು ಇಲ್ ಎಂಬ ಉಪನದಿಯ ಕವಲುಗಳ ನಡುವೆ ದ್ವೀಪದಂತಿದೆ. ಅದನ್ನು 1988ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಈ ಊರಿನ ಇತಿಹಾಸವನ್ನು ಓದಿದಾಗ ಮೇಷ್ಟರಾದ ನಮಗೆ ಮೊದಲು ಕಂಡದ್ದು ಪಾಠಶಾಲೆಯ ಹುಡುಗರ ಪಾಡು. 1681ರಲ್ಲಿ ಹದಿನಾಲ್ಕನೆಯ ಲೂಯಿ ಊರನ್ನು ಫ್ರಾನ್ಸಿಗೆ ಸೇರಿಸಿಕೊಂಡನು. 1871ರಲ್ಲಿ ಅದು ಜರ್ಮನಿಗೆ ಹೋಯಿತು. 1918ರಲ್ಲಿ ಫ್ರಾನ್ಸಿಗೆ ಬಂದಿತು. 1940ರಲ್ಲಿ ಪುನಃ ಜರ್ಮನರ ವಶವಾಯಿತು. 1944ರ ನವೆಂಬರಿನಲ್ಲಿ ಪುನಃ ಫ್ರಾನ್ಸಿನದಾಯಿತು. ಒಬ್ಬ ಮನುಷ್ಯನ ಆಯುಷ್ಯದೊಳಗೆ ನಾಲ್ಕು ಸಲ ಧ್ವಜ ಬದಲಾಯಿತು. ಧ್ವಜದೊಡನೆ ಪಾಠದ ಭಾಷೆಯೂ ಬದಲಾಯಿತು. ಇದೇ ಊರಿನಲ್ಲಿ 842ರಲ್ಲಿ ಇಬ್ಬರು ಅರಸರು, ಅಣ್ಣತಮ್ಮಂದಿರು, ಒಬ್ಬರಿಗೊಬ್ಬರು ನೆರವಾಗುವೆವೆಂದು ಪ್ರತಿಜ್ಞೆ ಮಾಡಿದ್ದರು. ಪ್ರತಿಯೊಬ್ಬನೂ ತನ್ನ ನುಡಿಯನ್ನು ಬಿಟ್ಟು ಮತ್ತೊಬ್ಬನ ಸೈನಿಕರಿಗೆ ತಿಳಿಯುವ ನುಡಿಯಲ್ಲಿ ಆಣೆಯಿಟ್ಟನು. ಫ್ರೆಂಚ್ ಭಾಷೆಯ ಅತಿ ಪ್ರಾಚೀನ ಲಿಖಿತರೂಪವೆಂದು ವಿದ್ವಾಂಸರು ತೋರಿಸುವುದು ಆ ಪ್ರತಿಜ್ಞೆಯನ್ನೇ.

ಅಲ್ಲಿನ ಮಹಾದೇವಾಲಯದ ಒಂಟಿ ಗೋಪುರ 142 ಮೀಟರು ಎತ್ತರ. 1439ರಲ್ಲಿ ಮುಗಿದ ಈ ಗೋಪುರಕ್ಕೆ ಜೊತೆಯಾಗಬೇಕಾಗಿದ್ದ ಇನ್ನೊಂದನ್ನು ಕಟ್ಟಲೇ ಇಲ್ಲ. 1770ರಲ್ಲಿ ವಿದ್ಯಾರ್ಥಿಯಾಗಿ ಬಂದ ಕವಿ ಗಯಟೆ ತನ್ನ ಎತ್ತರದ ಭಯವನ್ನು ಗೆಲ್ಲುವುದಕ್ಕಾಗಿ ಈ ಗೋಪುರವನ್ನು ಮತ್ತೆ ಮತ್ತೆ ಹತ್ತುತ್ತಿದ್ದನು. 1791ರಲ್ಲಿ ಶಾಕುಂತಲವನ್ನು ಜರ್ಮನ್ ಭಾಷೆಯಲ್ಲಿ ಓದಿ ಮನಸೋತು ಹೊಗಳಿದ ಗಯಟೆ ಈತನೇ. ಆ ನಾಟಕವನ್ನು ವರ್ಷವರ್ಷವೂ ಪಾಠ ಹೇಳಿದ ನಮಗೆ ಆತ ನಡೆದ ಬೀದಿಯನ್ನು ನೋಡಬೇಕೆನ್ನಿಸಿದುದು ಸಹಜ. ಅದಕ್ಕಿಂತಲೂ ಬಲವಾದ ಆಸೆ ಇನ್ನೊಂದಿತ್ತು. 1870ರ ಆಗಸ್ಟಿನ ಒಂದು ರಾತ್ರಿ, ಮುತ್ತಿಗೆಯ ಗುಂಡುಗಳಿಗೆ ಸಿಕ್ಕಿ ಈ ಊರಿನ ಪುಸ್ತಕಭಂಡಾರ ಸುಟ್ಟು ಬೂದಿಯಾಯಿತು. ಬಳಿಕ ಹಲವು ಕಡೆಯವರು ಕಳುಹಿಸಿದ ಪುಸ್ತಕಗಳಿಂದ ಹೊಸ ಭಂಡಾರ ಬೆಳೆಯಿತು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದ ಎರ್ನ್ಸ್ಟ್ ಲಾಯ್‌ಮನ್ ಎಂಬ ಪಂಡಿತರು ಸ್ಟ್ರಾಸ್‌ಬರ್ಗಿನಲ್ಲಿ ಕೂಡಿಟ್ಟಿದ್ದ ದಿಗಂಬರ ಜೈನ ಹಸ್ತಪ್ರತಿಗಳ ಪಟ್ಟಿಯನ್ನು 1897ರಲ್ಲಿ ಪ್ರಕಟಿಸಿದರು. ದಿಗಂಬರ ಎಂಬ ಮಾತು ಕಂಡೊಡನೆ ಶ್ರವಣಬೆಳಗೊಳವನ್ನು ನೆನೆಯದಿರಲು ನಮ್ಮಿಂದಾಗದು. ಅವುಗಳಲ್ಲಿ ಒಂದನ್ನಾದರೂ ಕಣ್ಣಾರೆ ಕಾಣಬೇಕೆಂದು ನಾವು ಪಟ್ಟಿಯ ತಲೆಯಲ್ಲಿಯೇ ಬರೆದುಕೊಂಡೆವು.

ನಮ್ಮ ಪಟ್ಟಿಯಲ್ಲಿ ಹದಿನಾಲ್ಕು ಬಾಬುಗಳಾದವು. ಮಗ ತನ್ನ ಮೊಬೈಲಿನಲ್ಲಿ ಇಪ್ಪತ್ತೆರಡನ್ನು ಗುರುತಿಸಿ, ಒಂದೊಂದರ ಮುಂದೆ ಗಂಟೆ ನಿಮಿಷಗಳನ್ನು ಬರೆದಿದ್ದನು. ಎರಡನ್ನೂ ಸೇರಿಸಿ, ಪುನರುಕ್ತಿಗಳನ್ನು ಕಳೆದರೆ ಮೂವತ್ತೊಂದು. ಯಾವುದನ್ನೂ ಬಿಡಲು ಇಬ್ಬರಿಗೂ ಮನಸ್ಸಿಲ್ಲ. "ಗೋಪುರದ ಜಗತಿಗೆ 332 ಮೆಟ್ಟಿಲು. ಇಪ್ಪತ್ತು ನಿಮಿಷ ಸಾಕು" ಎಂದು ಅವನು, "ಹದಿನೈದೇ ಇಡು, ಉಳಿದ ಐದು ನಿಮಿಷ ಪುಸ್ತಕಭಂಡಾರಕ್ಕೆ ಬೇಕು" ಎಂದು ನಾವು. ಹೀಗೆ ಮೂರು ರಾತ್ರಿ ಚರ್ಚೆ ನಡೆಯಿತು.

ಮೂರನೆಯ ರಾತ್ರಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಮ್ಮ ಮನೆಯವರು ಮೆಲ್ಲನೆ, "ನೀವಿಬ್ಬರೂ ಹೋಗಿಬನ್ನಿ. ನನಗೆ ಮಂಡಿನೋವು, ನಾನು ಮನೆಯಲ್ಲೇ ಇರುತ್ತೇನೆ. ದಾರಿಗೆ ತಿಂಡಿ ಮಾಡಿಕೊಡುತ್ತೇನೆ" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಸಮಾಧಾನ ಹೇಳಬಹುದಾಗಿತ್ತು. ಮೂವತ್ತೊಂದು ಬಾಬುಗಳ ಆ ಪಟ್ಟಿಯಲ್ಲಿ ಅವರು ಕುಳಿತುಕೊಳ್ಳುವುದಕ್ಕೆ ಒಂದು ಸ್ಥಳವೂ ಇಲ್ಲವೆಂಬುದನ್ನು ನಾವು ಆಗ ಕಂಡೆವು.

ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಬಹಳ ವರ್ಷಗಳ ಹಿಂದಿನ ಒಂದು ಪ್ರಸಂಗ ನೆನಪಿಗೆ ಬಂದಿತು. ನಮ್ಮ ಶಾಲೆಯ ನಲವತ್ತು ಹುಡುಗರನ್ನು ಬೇಲೂರು ಹಳೇಬೀಡುಗಳಿಗೆ ಒಂದೇ ದಿನದಲ್ಲಿ ಕರೆದುಕೊಂಡು ಹೋಗಿದ್ದೆವು. ಕೈಯಲ್ಲಿ ಗಡಿಯಾರ ಹಿಡಿದು, "ಹೊರಡಿ, ಹೊರಡಿ, ಹೊತ್ತಾಯಿತು" ಎಂದು ದಿನವೆಲ್ಲ ಕೂಗಿದ್ದೆವು. ಮರುದಿನ ಪ್ರವಾಸದ ಮೇಲೆ ಪ್ರಬಂಧ ಬರೆಯಿಸಿದಾಗ ಒಬ್ಬ ಹುಡುಗ, "ಬೇಲೂರಿನಲ್ಲಿ ನಾವು ಮೇಷ್ಟರ ಗಡಿಯಾರವನ್ನು ನೋಡಿದೆವು" ಎಂದು ಬರೆದಿದ್ದನು. ಅವನಿಗೆ ನಾವು ಸೊನ್ನೆ ಹಾಕಿದ್ದೆವು. ನೂರಕ್ಕೆ ನೂರು ಕೊಡಬೇಕಾಗಿತ್ತು.

ಬೆಳಗ್ಗೆ ಕಾಫಿಯ ಹೊತ್ತಿನಲ್ಲಿ ನಾವು ಮನೆಯವರನ್ನು ಕೇಳಿದೆವು: "ನಿನಗೆ ಅಲ್ಲಿ ಏನು ನೋಡಬೇಕು? ಒಂದೇ ಒಂದನ್ನು ಹೇಳು." ಅವರು ಲೋಟವನ್ನು ಕೆಳಗಿಟ್ಟು, "ಇವನು ಊರು ಬಿಟ್ಟು ಹನ್ನೊಂದು ವರ್ಷವಾಯಿತು. ಒಂದು ಮಧ್ಯಾಹ್ನ ಇವನು ಮೊಬೈಲನ್ನೂ ನೀವು ಗಡಿಯಾರವನ್ನೂ ನೋಡದೆ ನನ್ನ ಹತ್ತಿರ ಕೂತಿದ್ದರೆ ಸಾಕು. ಅದು ಯಾವ ಊರಾದರೂ ಸರಿ" ಎಂದರು. ಮಗ ಏನೂ ಆಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೊಬೈಲನ್ನು ತೆಗೆದು, ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಅಳಿಸತೊಡಗಿದನು. ಸಂಕಲ್ಪದಲ್ಲಿ ನಾವು ನುಂಗಿದ ಪದ 'ಸಹಕುಟುಂಬ' ಎಂಬುದು.

ಹೊಸ ಸಂಕಲ್ಪವನ್ನು ದಿನಕ್ಕೊಂದು ಮುಖ್ಯ ಕಾರ್ಯದಂತೆ ಮಾಡಿದೆವು. ಗುರುವಾರ ಊರು ಸೇರಿ, ಇಲ್ ನದಿಯ ದೋಣಿ. ಗಂಟೆಗೂ ಸ್ವಲ್ಪ ಹೆಚ್ಚಾಗುವ ಈ ವಿಹಾರದಲ್ಲಿ ದ್ವೀಪವನ್ನು ಸುತ್ತಿ, ಚರ್ಮ ಹದಮಾಡುವವರ ಹಳೆಯ ಮನೆಗಳನ್ನೂ ಯೂರೋಪಿನ ಸಂಸತ್ತಿನ ಸೌಧವನ್ನೂ ಕುಳಿತಲ್ಲಿಯೇ ನೋಡಬಹುದು. ಮಂಡಿನೋವಿನವರಿಗೆ ಇದಕ್ಕಿಂತ ಉತ್ತಮ ವಾಹನವಿಲ್ಲ.

ಶುಕ್ರವಾರ ಮಹಾದೇವಾಲಯದ ಖಗೋಲ ಗಡಿಯಾರ. ಇದನ್ನು ನಿರ್ಮಿಸಿದ ಜ್ಯಾಂ ಬಾಪ್ತಿಸ್ತ್ ಶ್ವಿಲ್ಗೆ ಇದೇ ಊರಿನಲ್ಲಿ ಹುಟ್ಟಿದವನು; ಕೆಲವು ಕಾಲ ಗಣಿತದ ಮೇಷ್ಟರಾಗಿದ್ದವನು. ದೇವಾಲಯದ ಹಳೆಯ ಗಡಿಯಾರ ನಿಂತುಹೋದುದನ್ನು ಬಾಲ್ಯದಲ್ಲಿ ಕಂಡು, ಇದನ್ನು ನಾನು ನಡೆಸುವೆನೆಂದು ಶಪಥ ಮಾಡಿದನೆಂದು ಹೇಳುತ್ತಾರೆ. ಆ ಅವಕಾಶ ಅವನಿಗೆ ಒದಗಿದುದು 1838ರಲ್ಲಿ, ಅರವತ್ತೆರಡನೆಯ ವಯಸ್ಸಿನಲ್ಲಿ. 1842ರಲ್ಲಿ ಹೊಸ ಯಂತ್ರ ನಡೆಯಿತು. ಗ್ರಹಗಳ ಚಲನೆ ಮಾತ್ರವಲ್ಲದೆ, ಸುಮಾರು 26,000 ವರ್ಷಕ್ಕೊಮ್ಮೆ ಸುತ್ತು ಮುಗಿಸುವ ಅಯನಚಲನೆಗೂ ಅದರಲ್ಲಿ ಚಕ್ರಗಳುಂಟು. ನಮ್ಮ ಯುಗಾದಿಯಂತೆ ಈಸ್ಟರ್ ಹಬ್ಬವೂ ಚಂದ್ರನನ್ನು ಅನುಸರಿಸಿ ತಿಥಿ ಬದಲಾಯಿಸುತ್ತದೆ; ಮಾರ್ಚ್ 21 ಅಥವಾ ಅದರ ಮುಂದಿನ ಹುಣ್ಣಿಮೆಯಾದ ಬಳಿಕ ಬರುವ ಭಾನುವಾರ ಅದು. ಈಸ್ಟರಿನ ದಿನವನ್ನೂ ಸೇರಿಸಿ ಎಣಿಸಿದರೆ ನಲವತ್ತನೆಯ ದಿನ ಸ್ವರ್ಗಾರೋಹಣದ ಹಬ್ಬ. ಪ್ರತಿ ವರ್ಷ ಡಿಸೆಂಬರ್ 31ರ ನಡುರಾತ್ರಿ ಈ ಗಡಿಯಾರ ಮುಂದಿನ ವರ್ಷದ ಈಸ್ಟರನ್ನು ತಾನೇ ಗಣಿಸಿ ತೋರಿಸುತ್ತದೆ. ನಮ್ಮ ಮಗನಿಗೆ ನಾಲ್ಕು ದಿನ ಬಿಡುವು ಎಂದು ಸಿಕ್ಕುವುದೆಂಬುದನ್ನು ಆ ಯಂತ್ರ ನಮಗಿಂತ ಎಷ್ಟೋ ಮೊದಲೇ ಲೆಕ್ಕ ಹಾಕಿತ್ತು!

ಇನ್ನೊಂದು ವಿಶೇಷ. ಯೇಸುವಿನ ಹನ್ನೆರಡು ಮಂದಿ ಶಿಷ್ಯರ ಬೊಂಬೆಗಳು ಮೆರವಣಿಗೆ ಹೋಗುವುದೂ ಯಂತ್ರದ ಕೋಳಿ ಮೂರು ಸಲ ಕೂಗುವುದೂ ನಮ್ಮ ಕೈಗಡಿಯಾರದಲ್ಲಿ 12-30ಕ್ಕೆ. ಕಾರಣವೇನೆಂದರೆ, ಅದು ನಡೆಯುವುದು ಊರಿನ ಸ್ಥಳೀಯ ಕಾಲದಂತೆ. ರಾಜ್ಯದ ಕಾಲಕ್ಕಿಂತ ಸುಮಾರು ಅರ್ಧ ಗಂಟೆ ಹಿಂದೆ. ಪಂಚಾಂಗದ ದೇಶಾಂತರ ಸಂಸ್ಕಾರವನ್ನು ಬಲ್ಲವರಿಗೆ ಇದು ಹೊಸತಲ್ಲ. ಇದನ್ನು ನೋಡುವುದಕ್ಕೆ ಬೇರೆ ಚೀಟಿ ಬೇಕು. ಹಬ್ಬಗಳಲ್ಲಿಯೂ ಭಾನುವಾರಗಳಲ್ಲಿಯೂ ಪೂಜೆಗೆ ಅನುಸಾರವಾಗಿ ವ್ಯವಸ್ಥೆ ಬದಲಾಗುವುದರಿಂದ, ಹೋಗುವವರು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ಗೋಪುರವನ್ನು ಮಗನೊಬ್ಬನೇ ಹತ್ತಲಿ. ಗಯಟೆಯಂತೆ ಭಯವನ್ನು ಗೆಲ್ಲುವ ವಯಸ್ಸು ನಮಗೆ ಮೀರಿತು. ಕೆಳಗೆ ಕುಳಿತು ಕೈಬೀಸುವೆವು.

ಶನಿವಾರ ಮನೆಯವರ ಮಧ್ಯಾಹ್ನ. ಊರಿನ ಟ್ರಾಮು 2017ರಿಂದ ರೈನ್ ನದಿಯನ್ನು ದಾಟಿ ಜರ್ಮನಿಯ ಕೇಲ್ ಎಂಬ ಊರಿಗೆ ಹೋಗುತ್ತಿದೆ. ನದಿಯ ಎರಡು ತೀರಗಳಲ್ಲಿಯೂ ಹರಡಿದ ಒಂದು ಉದ್ಯಾನ. ನಡುವೆ 2004ರಲ್ಲಿ ಕಟ್ಟಿದ ಕಾಲುಸೇತುವೆ. ಒಂದು ಕಾಲದಲ್ಲಿ ಸೈನ್ಯಗಳು ಎದುರುಬದುರಾಗಿ ನಿಂತ ದಡಗಳಲ್ಲಿ ಇಂದು ಮಕ್ಕಳು ಆಡುತ್ತಾರೆ. ಅಲ್ಲಿ ಒಂದು ಬೆಂಚು ಹುಡುಕಿ ಕುಳಿತುಕೊಳ್ಳುವುದೇ ಅಂದಿನ ಕಾರ್ಯಕ್ರಮ. ಅದರ ಮುಂದೆ ಗಂಟೆ ನಿಮಿಷಗಳನ್ನು ಬರೆದಿಲ್ಲ.

ಭಾನುವಾರ ನಿಧಾನವಾಗಿ ಹಳೆಯ ಬೀದಿಗಳಲ್ಲಿ ಒಂದು ಸುತ್ತು; ಫ್ರೆಂಚಿನಲ್ಲಿಯೂ ಊರ ನುಡಿಯಲ್ಲಿಯೂ ಬೀದಿಯ ಹೆಸರು ಬರೆದ ಫಲಕಗಳನ್ನು ಓದುವುದು; ಸಂಜೆಯ ರೈಲು.

ಊಟದ ವಿಚಾರವನ್ನು ಗೃಹಿಣಿಯರು ಕೇಳಿಯೇ ಕೇಳುತ್ತಾರೆ. ಆ ಸೀಮೆಯ ಪ್ರಸಿದ್ಧ ಭಕ್ಷ್ಯಗಳಲ್ಲಿ ಹಂದಿಯ ಮಾಂಸ ಹೆಚ್ಚು. ತಾರ್ತ್ ಫ್ಲಾಂಬೆ ಎಂಬ, ಕೆನೆಯನ್ನೂ ಈರುಳ್ಳಿಯನ್ನೂ ಹರಡಿ ಸುಟ್ಟ ತೆಳುವಾದ ರೊಟ್ಟಿಯಲ್ಲಿಯೂ ಅದನ್ನು ಹಾಕುವ ವಾಡಿಕೆ. ಹಾಕಬೇಡವೆಂದು ಮೊದಲೇ ಹೇಳಬೇಕು. ಭಾನುವಾರ ಮತ್ತು ಹಬ್ಬದ ದಿನ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುವುದರಿಂದ ಹಣ್ಣುಹಂಪಲುಗಳನ್ನು ಬುಧವಾರವೇ ಕೊಂಡು ಒಯ್ಯುವುದು ಲೇಸು. ನಮ್ಮ ಮನೆಯವರು ಹುಳಿ ಅವಲಕ್ಕಿಯನ್ನೂ ಚಟ್ನಿಪುಡಿಯನ್ನೂ ಕಟ್ಟಿಟ್ಟಾಗಿದೆ. ಈ ಸಲ ಮೂವರಿಗೆ.

ಪುಸ್ತಕಭಂಡಾರವನ್ನು ನಾವೇ ಪಟ್ಟಿಯಿಂದ ಹೊಡೆದುಹಾಕಿದೆವು. ಹಸ್ತಪ್ರತಿಗಳನ್ನು ನೋಡುವುದಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಹಬ್ಬದ ನಡುವೆ ಅದು ಆಗುವ ಕೆಲಸವಲ್ಲ. ಹೊಡೆಯುವಾಗ ಕೈ ಸ್ವಲ್ಪ ತಡೆಯಿತೆಂಬುದನ್ನು ವಾಚಕರಲ್ಲಿ ಮುಚ್ಚಿಡುವುದಿಲ್ಲ. ಆದರೆ ಆ ಗ್ರಂಥಗಳು ನೂರಕ್ಕೂ ಹೆಚ್ಚು ವರ್ಷ ಕಾದಿವೆ, ಇನ್ನೂ ಕಾಯುತ್ತವೆ. ಮನೆಯವರ ಮಂಡಿಯೂ ಮಗನ ರಜವೂ ಹಾಗೆ ಕಾಯುವ ವಸ್ತುಗಳಲ್ಲ.

ನಾಳೆ ಬೆಳಗ್ಗೆ ಪ್ರಯಾಣ. ಕೈಗಡಿಯಾರವನ್ನು ಈ ಮೇಜಿನ ಮೇಲೆಯೇ ಬಿಟ್ಟು ಹೊರಡುವುದೆಂದು ನಿಶ್ಚಯಿಸಿದ್ದೇವೆ. ರೈಲು ತಪ್ಪದಂತೆ ನೋಡಿಕೊಳ್ಳುವ ಭಾರ ಮಗನದು.